ಕ್ಯಾಪ್ ನೋಡಿ ಕಾಯಿಲೆ ಹೇಳಿದ ರೇಡಿಯೇಟರ್ ಅಂಗಡಿ

ಕಲಬುರಗಿಯ ಹುಮನಾಬಾದ್ ರಸ್ತೆಯಲ್ಲಿ ಗ್ಯಾರೇಜುಗಳ ನಡುವೆ ಇರುವ ಈ ತಗಡಿನ ಅಂಗಡಿಗೆ ಬೋರ್ಡಿಲ್ಲ. ಬಾಗಿಲಿಗೆ ನೇತುಹಾಕಿದ ಹಳೆಯ ಹಿತ್ತಾಳೆ ರೇಡಿಯೇಟರೇ ಅದರ ಗುರುತು.

ಕಳೆದ ಮೇ ತಿಂಗಳಲ್ಲಿ ಜೇವರ್ಗಿಗೆ ಹೊರಟಿದ್ದಾಗ, ಫರಹತಾಬಾದ್ ದಾಟುವಷ್ಟರಲ್ಲಿ ನಮ್ಮ 11 ವರ್ಷದ ಡೀಸೆಲ್ ಕಾರಿನ ಶಾಖ ತೋರಿಸುವ ಮುಳ್ಳು ಕೆಂಪು ಗೆರೆಯ ಹತ್ತಿರ ಬಂದಿತ್ತು. ಎಂಜಿನ್ನಿನ ಶಾಖ ಸ್ವಲ್ಪವಾದರೂ ಒಳಗೆ ಬರಲೆಂದು ಎ.ಸಿ. ನಿಲ್ಲಿಸಿ, ಆ ಬಿಸಿಲಿನಲ್ಲೇ ಹೀಟರ್ ಹಾಕಿಕೊಂಡು ಮರಳಿದೆವು. ಇದೇ ತೊಂದರೆಗೆ ಬೇರೊಂದು ಗ್ಯಾರೇಜಿನವರು ಅದಕ್ಕೂ ಮೊದಲು ಎರಡು ಸಲ ಹಣ ಪಡೆದಿದ್ದರು: ಒಮ್ಮೆ ಬೋರಿನ ನೀರು ತುಂಬಿಸಿ, ಇನ್ನೊಮ್ಮೆ ನಮ್ಮ ಕಡೆಯ ಬಿಸಿಲಿಗೆ ಬೇಡವೆಂದು ಥರ್ಮೋಸ್ಟಾಟ್ (ಎಂಜಿನ್ ಬಿಸಿಯಾಗುವವರೆಗೆ ನೀರನ್ನು ರೇಡಿಯೇಟರಿಗೆ ಬಿಡದ ಕವಾಟ) ಕಿತ್ತುಹಾಕಿ.

ಇಲ್ಲಿನ ಮಿಸ್ತ್ರಿ ಪಾನಾ ಮುಟ್ಟಲೇ ಇಲ್ಲ. "ಮೊದಲ ಕ್ಯಾಪ್ ನೋಡೂನ್ರಿ, ರೇಡಿಯೇಟರ್ ಮಾತು ಆಮ್ಯಾಲ" ಎಂದು ಕ್ಯಾಪನ್ನು ಕೈಪಂಪಿಗೆ ಸಿಕ್ಕಿಸಿ ಒತ್ತಿದರು. ಅದರ ಮೇಲಿನ ಅಚ್ಚಿನ ಪ್ರಕಾರ 1.1 ಬಾರ್ ಒತ್ತಡದವರೆಗೆ ಅದು ಬಿಗಿಯಾಗಿರಬೇಕು, ಪಂಪಿನ ಮುಳ್ಳು 0.5 ಮುಟ್ಟುವ ಮೊದಲೇ ಗಾಳಿ ಸುಸ್ಸೆಂದು ಹೊರಬಂತು. ಕೂಲೆಂಟ್ ಮತ್ತು ನೀರಿನ ಸಮಪಾಲು ಮಿಶ್ರಣ ತೆರೆದ ಪಾತ್ರೆಯಲ್ಲಿ ಸುಮಾರು 107 ಡಿಗ್ರಿಗೆ ಕುದಿಯುತ್ತದೆ; ಸರಿಯಾದ ಕ್ಯಾಪ್ ಹಿಡಿದಿಡುವ ಒತ್ತಡದಲ್ಲಿ 125 ಡಿಗ್ರಿ ದಾಟಿದರೂ ಕುದಿಯುವುದಿಲ್ಲ. ನಮ್ಮ ಗಾಡಿಯಲ್ಲಿದ್ದುದು ಬರೀ ನೀರು, ಅದರ ಮೇಲೆ ಕ್ಯಾಪಿನ ಸೋತ ಸ್ಪ್ರಿಂಗ್.

ರೇಡಿಯೇಟರಿನ ಬಾಯಿಯ ಅಂಚಿಗೆ ಬೆರಳಾಡಿಸಿ ಅವರು ತೋರಿಸಿದ ಬಿಳಿ ಪುಡಿಯ ವಿಚಾರ ಇಲ್ಲಿ ಯಾರಿಗೂ ಹೊಸದಲ್ಲ. ಶಹಾಬಾದ್ ಕಲ್ಲಿನ ನೆಲ ನಮ್ಮದು. ಬೋರಿನ ನೀರು ಗೀಜರಿಗೆ ಬಳಿಯುವ ಸುಣ್ಣವನ್ನೇ ರೇಡಿಯೇಟರಿನ ಸಣ್ಣ ಕೊಳವೆಗಳಿಗೂ ಬಳಿಯುತ್ತದೆ. ಆ್ಯಸಿಡ್ ಹಾಕಿ ಬೇಗ ಮುಗಿಸಿ ಎಂದು ನಾನೇ ಕೇಳಿದೆ. ಅಲ್ಯೂಮಿನಿಯಂ ತೂತು ಬೀಳುತ್ತದೆಂದು ಅವರು ಒಪ್ಪದೆ, ತೊಳೆಯುವ ದ್ರಾವಣ ಹಾಕಿ ಎಂಜಿನ್ ಓಡಿಸಿ, ತಿಳಿನೀರು ಬರುವವರೆಗೆ ಮೂರು ಸಲ ಖಾಲಿ ಮಾಡಿದರು. ಎ.ಸಿ. ಕಂಡೆನ್ಸರಿಗೂ ರೇಡಿಯೇಟರಿಗೂ ನಡುವೆ ತೊಗರಿ ಹೊಟ್ಟು ಮತ್ತು ಧೂಳು ಕಂಬಳಿಯಂತೆ ಕೂತಿತ್ತು. ಮುಂದಿನಿಂದ ನೋಡಿದರೆ ಅದು ಕಾಣುವುದೇ ಇಲ್ಲ.

ಥರ್ಮೋಸ್ಟಾಟ್ ಹೊಸದನ್ನು ಹಾಕಿಸಿದರು. ಅದಿಲ್ಲದಿದ್ದರೆ ಎಂಜಿನ್ ಬೆಳಿಗ್ಗೆ ಬೇಗ ಬಿಸಿಯಾಗದೆ ಡೀಸೆಲ್ ಹೆಚ್ಚು ಕುಡಿಯುತ್ತದೆ. ಕೆಲವು ಎಂಜಿನ್‌ಗಳಲ್ಲಂತೂ ಅಡ್ಡದಾರಿ ಮುಚ್ಚದೆ ಉಳಿದು, ಬಿಸಿ ನೀರಿನ ಒಂದು ಪಾಲು ರೇಡಿಯೇಟರಿಗೆ ಹೋಗದೆ ಒಳಗೇ ಸುತ್ತುತ್ತದೆ. ಕೊನೆಗೆ ಗಾಡಿಯ ಮುಂಭಾಗ ಎತ್ತಿ, ಫ್ಯಾನ್ ಎರಡು ಸಲ ಶುರುವಾಗಿ ನಿಲ್ಲುವವರೆಗೆ ಗಾಳಿ ಗುಳ್ಳೆಗಳನ್ನು ಹೊರಬಿಡುತ್ತ ಕಾದು ಕುಳಿತರು. ಈ ತಾಳ್ಮೆ ನನಗೆ ಬೇರೆಲ್ಲೂ ಸಿಕ್ಕಿಲ್ಲ.

ದೂರುಗಳೂ ಇವೆ. ಚೀಟಿ ಇಲ್ಲದ ಡಬ್ಬದಿಂದ ಹಸಿರು ಕೂಲೆಂಟ್ ಸುರಿಯಲು ಹೊರಟಿದ್ದರು. ಬಣ್ಣದಿಂದ ಅದರ ಜಾತಿ ತಿಳಿಯುವುದಿಲ್ಲವಾದ್ದರಿಂದ, ನಾನು ಪೇಟೆಗೆ ಹೋಗಿ ಕಾರಿನ ಕೈಪಿಡಿಯಲ್ಲಿ ಹೇಳಿದ್ದ ಬಗೆಯ ಮುಚ್ಚಿದ ಕ್ಯಾನನ್ನೂ ಡಿಸ್ಟಿಲ್ಡ್ ನೀರನ್ನೂ ತಂದುಕೊಟ್ಟೆ. ಬಿಲ್ಲನ್ನು ಕೇಳಿ ಪಡೆಯಬೇಕಾಯಿತು. ಸಂಜೆ ಎಂದದ್ದು ಮರುದಿನ ಮಧ್ಯಾಹ್ನವಾಯಿತು.

ನಾನು ತಂದ ಕೂಲೆಂಟ್ ಬಿಟ್ಟು ಒಟ್ಟು 2,900 ರೂಪಾಯಿ ಆಯಿತು. ಮರುವಾರ ಮಧ್ಯಾಹ್ನ ಎರಡಕ್ಕೆ ಎ.ಸಿ. ಹಾಕಿಕೊಂಡೇ ಭೀಮಾ ಸೇತುವೆ ದಾಟಿ ಜೇವರ್ಗಿ ಮುಟ್ಟಿದೆವು. ಮುಳ್ಳು ಅರ್ಧದಿಂದ ಕದಲಲಿಲ್ಲ. ಹೋಗುವವರು ಹಿಂದಿನ ರಾತ್ರಿಯೇ ಗಾಡಿ ಬಿಟ್ಟು ಬರಲಿ, ಏಕೆಂದರೆ ಎಂಜಿನ್ ಪೂರ್ತಿ ತಣ್ಣಗಾಗದೆ ಅವರು ಕ್ಯಾಪ್ ತೆರೆಯುವುದಿಲ್ಲ.