ವಿಸ್ಟಾಡೋಮ್ ಟಿಕೆಟ್: ಯಾವ ದಾರಿಗೆ ದುಡ್ಡು ಕೊಡಬಹುದು, ಯಾವುದಕ್ಕೆ ಬೇಡ

ಹೊರಗಿನ ನೋಟ ನೋಡಲೆಂದೇ ರೈಲಿಗೆ ಸೇರಿಸುವ ವಿಸ್ಟಾಡೋಮ್ ಬೋಗಿಯಲ್ಲಿ ಎಲ್ಲಕ್ಕಿಂತ ಹೆಚ್ಚು ಪ್ರಚಾರ ಸಿಕ್ಕಿರುವುದು ಗಾಜಿನ ಚಾವಣಿಗೆ. ಎಲ್ಲಕ್ಕಿಂತ ಕಡಿಮೆ ಉಪಯೋಗಕ್ಕೆ ಬರುವುದೂ ಅದೇ. ಘಾಟಿಯಲ್ಲಿ ತಲೆ ಮೇಲೆ ಕಾಣುವುದು ಕಡಿದ ಬಂಡೆ, ಮರದ ಕೊಂಬೆ, ಸುರಂಗದ ಕತ್ತಲು, ಈಚೆಗೆ ವಿದ್ಯುತ್ ತಂತಿ. ನೋಡಬೇಕಾದದ್ದೆಲ್ಲ ಪಕ್ಕದ ಕಣಿವೆಯಲ್ಲಿ, ಕೆಳಗೆ ಇರುತ್ತದೆ. ಹಾಗಾಗಿ ಈ ಟಿಕೆಟ್ಟಿಗೆ ಕೊಡುವ ದುಡ್ಡು ನಿಜವಾಗಿ ಹೋಗುವುದು ಎರಡಕ್ಕೆ: ಅಗಲವಾದ ಕಿಟಕಿಗೆ, ಮತ್ತು ಬೋಗಿಯ ತುದಿಯಲ್ಲಿರುವ ಗಾಜಿನ ಲಾಂಜಿಗೆ. ಇವೆರಡೂ ಕೆಲಸಕ್ಕೆ ಬರುವ ದಾರಿಯಲ್ಲಿ ದುಡ್ಡು ವಸೂಲು. ಬಾರದ ಕಡೆ ಸೆಕೆಂಡ್ ಸಿಟ್ಟಿಂಗಿನ ತೆರೆದ ಕಿಟಕಿಯೇ ವಾಸಿ.

2017ರಲ್ಲಿ ವಿಶಾಖಪಟ್ಟಣ–ಅರಕು ದಾರಿಯಲ್ಲಿ ಶುರುವಾದ ಈ ಬೋಗಿಗಳು ಈಗ ಕೊಂಕಣದಿಂದ ಕಾಶ್ಮೀರದವರೆಗೆ ಓಡುತ್ತಿವೆ. ಹೊಸ ಎಲ್‌ಎಚ್‌ಬಿ (ಜರ್ಮನ್ ವಿನ್ಯಾಸದ) ಮಾದರಿಯಲ್ಲಿ 44 ಸೀಟು, ನಡುವೆ ಓಡಾಡುವ ಜಾಗ ಬಿಟ್ಟು ಎರಡೂ ಬದಿಗೆ ಎರಡೆರಡು. ಸೀಟು 180 ಡಿಗ್ರಿ ತಿರುಗುತ್ತದೆ ಎಂಬುದು ನಿಜ. ಆದರೆ ಹಿಂದಿನ ಸಾಲಿನವರ ಕಡೆಗೆ ಮುಖ ಮಾಡಿ ಹರಟೆ ಹೊಡೆಯಲು ಅನುಕೂಲವೇ ಹೊರತು, ತಪ್ಪು ಬದಿಯಲ್ಲಿ ಸೀಟು ಸಿಕ್ಕವರಿಗೆ ಅದರಿಂದ ಕಣಿವೆ ಕಾಣುವುದಿಲ್ಲ. ಬದಿಯೇ ಮುಖ್ಯ. ಅದನ್ನು ತಿಳಿಯಲು ಯಾರ ಸಲಹೆಯೂ ಬೇಕಿಲ್ಲ: ಮೊಬೈಲಿನಲ್ಲಿ ಉಪಗ್ರಹ ನಕ್ಷೆ ತೆರೆದು ಘಾಟಿ ಭಾಗದ ಹಳಿಯನ್ನು ಹುಡುಕಿ, ಅದರ ಪಕ್ಕ ಹೊಳೆ ಯಾವ ಕಡೆ ಹರಿಯುತ್ತಿದೆ ನೋಡಿ. ಹೊಳೆ ಇರುವ ಕಡೆ ಕಣಿವೆ, ಇನ್ನೊಂದು ಕಡೆ ಕಿಟಕಿಗೆ ಅಂಟಿಕೊಂಡ ಮಣ್ಣಿನ ಗೋಡೆ. ಹಳಿ ಹೊಳೆಯನ್ನು ದಾಟುವ ಕಡೆ ಬದಿ ಅದಲುಬದಲಾಗುತ್ತದೆ.

ನಮ್ಮವರಿಗೆ ಹತ್ತಿರದ್ದು ಸಕಲೇಶಪುರ–ಸುಬ್ರಹ್ಮಣ್ಯ ರೋಡ್ ಘಾಟಿ. ಯಶವಂತಪುರದಿಂದ ಮಂಗಳೂರು, ಕಾರವಾರ ಕಡೆಗೆ ಹೋಗುವ ಹಗಲಿನ ರೈಲುಗಳಿಗೆ 2021ರ ಜುಲೈಯಲ್ಲಿ ವಿಸ್ಟಾಡೋಮ್ ಸೇರಿಸಿದರು. ಘಾಟಿ 55 ಕಿಲೋಮೀಟರ್, ಸುರಂಗ 57, ಇಳಿಜಾರು 50ಕ್ಕೆ 1. ಅಂದರೆ 50 ಮೀಟರ್ ಮುಂದೆ ಹೋದರೆ ಒಂದು ಮೀಟರ್ ಇಳಿದಂತೆ. ರಸ್ತೆಗೆ ಇದು ಲೆಕ್ಕಕ್ಕಿಲ್ಲದ ಇಳಿಜಾರು, ರೈಲಿಗೆ ಮಾತ್ರ ಕಡಿದಾದದ್ದು. ಹಾಗಾಗಿ ಗಾಡಿ ಗಂಟೆಗೆ 30 ಕಿಲೋಮೀಟರಿನ ಆಸುಪಾಸಿನಲ್ಲಿ, ಬ್ರೇಕ್ ಹಿಡಿದುಕೊಂಡೇ ಇಳಿಯುತ್ತದೆ. ದೋಣಿಗಲ್, ಕಡಗರವಳ್ಳಿ, ಎಡಕುಮೇರಿ, ಶಿರಿಬಾಗಿಲು ದಾಟುವುದಕ್ಕೆ ಎರಡೂವರೆ ಗಂಟೆ ಹಿಡಿಯುವುದೂ ಅದಕ್ಕೇ. ಎಡಕುಮೇರಿಗೆ ಸರಿಯಾದ ರಸ್ತೆ ಇಲ್ಲ, ಸುತ್ತ ಕಾಡು. ಎದುರಿನ ಗಾಡಿಗೆ ದಾರಿ ಬಿಡಲು ಅಲ್ಲಿ ನಿಂತರೆ ಬೇಸರ ಪಡಬೇಡಿ, ಇಡೀ ಪ್ರಯಾಣದ ಒಳ್ಳೆಯ ಹದಿನೈದು ನಿಮಿಷ ಅದೇ.

ಈ ದಾರಿಯಲ್ಲಿ ಎಡವುವುದು ಹೆಚ್ಚಾಗಿ ಟಿಕೆಟ್ ತೆಗೆಯುವಾಗಲೇ. ಪಂಚಗಂಗಾದಂಥ ರಾತ್ರಿ ರೈಲು ಇದೇ ಹಳಿಯ ಮೇಲೆ ಹೋದರೂ ಘಾಟಿ ಕತ್ತಲಲ್ಲಿ ದಾಟಿಹೋಗುತ್ತದೆ. ಬೆಳಿಗ್ಗೆ ಹೊರಟು ಮಧ್ಯಾಹ್ನ ಘಾಟಿ ಇಳಿಯುವ ರೈಲನ್ನೇ ಹಿಡಿಯಬೇಕು. 2025ರಲ್ಲಿ ವಿದ್ಯುದೀಕರಣದ ಕೆಲಸಕ್ಕೆಂದು ಈ ಹಗಲಿನ ರೈಲುಗಳನ್ನು ತಿಂಗಳುಗಟ್ಟಲೆ ನಿಲ್ಲಿಸಿದ್ದರು. ಹಾಗಾಗಿ ಹಳೆಯ ವೇಳಾಪಟ್ಟಿ ನಂಬಿ ರಜೆ ಹಾಕಬೇಡಿ, ಆ ದಿನಾಂಕಕ್ಕೆ ರೈಲು ಇದೆಯೇ ಎಂದು ಮೊದಲು ನೋಡಿ. ಜುಲೈ, ಆಗಸ್ಟಿನಲ್ಲಿ ಹಸಿರು ತುಂಬಿರುತ್ತದೆ, ಗುಡ್ಡ ಕುಸಿಯುವುದೂ ಆಗಲೇ. 2018ರ ಆಗಸ್ಟಿನಲ್ಲೂ 2024ರ ಜುಲೈಯಲ್ಲೂ ಮಣ್ಣು ಜರಿದು ದಾರಿ ಬಂದ್ ಆಗಿತ್ತು. ಸೆಪ್ಟೆಂಬರ್ ಕೊನೆಯಿಂದ ಅಕ್ಟೋಬರ್ ನಡುವಿನವರೆಗೆ ಹೋದರೆ ತೊರೆಗಳಲ್ಲಿ ನೀರೂ ಇರುತ್ತದೆ, ರೈಲು ರದ್ದಾಗುವ ಭಯವೂ ಕಡಿಮೆ. ಹಳಿಯ ಮೇಲೆ ನಡೆಯುವ ಹಳೆಯ ‘ಗ್ರೀನ್ ರೂಟ್’ ಚಾರಣಕ್ಕೆ ನಿಷೇಧವಿದೆ. ಸುರಂಗದೊಳಗೆ ರೈಲು ಬಂದರೆ ಪಕ್ಕಕ್ಕೆ ಸರಿಯಲು ಜಾಗವೇ ಇಲ್ಲದ ಕಡೆ ಅದು ಹುಚ್ಚು ಸಾಹಸ.

ಮಳೆಗಾಲದ ಇನ್ನೊಂದು ತಾಪತ್ರಯ ಗಾಜು ಮಂಜಾಗುವುದು. ಒಳಗೆ ಎ.ಸಿ. ಜೋರಾಗಿದ್ದು ಹೊರಗೆ ತೇವ ತುಂಬಿದ್ದರೆ ಹನಿ ಕೂರುವುದು ಗಾಜಿನ ಹೊರಮೈ ಮೇಲೆ. ಕರವಸ್ತ್ರದಿಂದ ಒಳಗೆ ಎಷ್ಟು ಒರೆಸಿದರೂ ಪ್ರಯೋಜನವಿಲ್ಲ. ಘಾಟಿ ಶುರುವಾಗುವ ಅರ್ಧ ಗಂಟೆ ಮೊದಲೇ ಅಟೆಂಡೆಂಟ್‌ಗೆ ಹೇಳಿ ಎ.ಸಿ. ಕಡಿಮೆ ಮಾಡಿಸಿ. ಗಾಜು ಹೊರಗಿನ ಗಾಳಿಯಷ್ಟೇ ಬೆಚ್ಚಗಾದರೆ ಮಂಜು ತಾನೇ ಹೋಗುತ್ತದೆ. ಫೋಟೊ ತೆಗೆಯುವವರು ಕಪ್ಪು ಅಂಗಿ ಹಾಕಿಕೊಂಡು ಮೊಬೈಲನ್ನು ಗಾಜಿಗೆ ಒತ್ತಿ ಹಿಡಿದರೆ ಪ್ರತಿಬಿಂಬ ಬೀಳುವುದಿಲ್ಲ. ಬಿಳಿ ಅಂಗಿಯವರ ಫೋಟೊಗಳಲ್ಲಿ ಜಲಪಾತದ ನಡುವೆ ಅವರದೇ ಅಂಗಿಯ ಗುಂಡಿಗಳು ಕಾಣುತ್ತವೆ.

ಲಾಂಜಿನ ವಿಷಯ ಹೆಚ್ಚಿನವರಿಗೆ ಗೊತ್ತಿಲ್ಲ. ಬೋಗಿ ರೈಲಿನ ತೀರಾ ಕೊನೆಯಲ್ಲಿ, ಗಾಜಿನ ತುದಿ ಹೊರಗೆ ಮುಖ ಮಾಡಿದ್ದರೆ ಮಾತ್ರ ಅಲ್ಲಿಂದ ಹಿಂದೆ ಸರಿಯುವ ಹಳಿ ಕಾಣುತ್ತದೆ. ಇನ್ನೊಂದು ಬೋಗಿಯೋ ಎಂಜಿನ್ನೋ ಅಂಟಿಕೊಂಡಿದ್ದರೆ ಅಷ್ಟು ದೊಡ್ಡ ಗಾಜಿನಾಚೆ ಬರೀ ತಗಡು. ಮುಂಬೈ–ಪುಣೆ ನಡುವಿನ ಭೋರ್ ಘಾಟಿಯಲ್ಲಿ ಇದು ಚೆನ್ನಾಗಿ ಗೊತ್ತಾಗುತ್ತದೆ. ಅಲ್ಲಿ ಏರು 37ಕ್ಕೆ 1. ಹಾಗಾಗಿ ಪುಣೆ ಕಡೆಗೆ ಹತ್ತುವ ಗಾಡಿಗಳಿಗೆ ಕರ್ಜತ್‌ನಲ್ಲಿ ಹಿಂದಿನಿಂದ ಬ್ಯಾಂಕರ್ ಎಂಜಿನ್ ಸೇರಿಸಿ ತಳ್ಳಿಸುತ್ತಾರೆ. ನಿಮ್ಮ ಬೋಗಿ ಬಾಲದಲ್ಲಿದ್ದರೆ ಘಾಟಿಯುದ್ದಕ್ಕೂ ಎಂಜಿನ್ನಿನ ಮೂತಿ ನೋಡುತ್ತಾ ಕೂರಬೇಕು! ಡೆಕ್ಕನ್ ಎಕ್ಸ್‌ಪ್ರೆಸ್ಸಿನಂಥ ಗಾಡಿ ಹತ್ತುವ ಮುನ್ನ ರೈಲಿನ ಆ್ಯಪ್‌ನಲ್ಲಿ ಬೋಗಿಗಳ ಕ್ರಮ ನೋಡಿಕೊಳ್ಳಿ.

ಊಟಿಯ ಪುಟ್ಟ ರೈಲಿನಲ್ಲಿ ಲೆಕ್ಕ ತಿರುಗುಮುರುಗು. ಮೆಟ್ಟುಪಾಳ್ಯದಿಂದ ಮೇಲೆ ಹೋಗುವಾಗ ಉಗಿ ಎಂಜಿನ್ ಹಿಂದಿನಿಂದ ತಳ್ಳುವುದರಿಂದ ಮುಂದಿನ ಬೋಗಿಯ ಎದುರು ಏನೂ ಅಡ್ಡವಿಲ್ಲ. 46 ಕಿಲೋಮೀಟರಿಗೆ ಹತ್ತಿರಹತ್ತಿರ ಐದು ಗಂಟೆ. ಕಲ್ಲಾರಿನಿಂದ ಕೂನೂರಿನವರೆಗೆ ಏರು 12ಕ್ಕೆ 1 ಇರುವುದರಿಂದ ಬರೀ ಚಕ್ರದ ಹಿಡಿತ ಸಾಲದು. ಎರಡು ಹಳಿಗಳ ನಡುವೆ ಹಲ್ಲಿನ ಪಟ್ಟಿ ಹಾಕಿ, ಎಂಜಿನ್ನಿನ ಹಲ್ಲುಚಕ್ರ ಅದನ್ನು ಕಚ್ಚಿಕೊಂಡು ಹತ್ತುವಂತೆ ಮಾಡಿದ್ದಾರೆ. ಮೈಸೂರು, ಗುಂಡ್ಲುಪೇಟೆ ಮೇಲೆ ಊಟಿಗೆ ಹೋಗುವ ನಮ್ಮವರು ಊಟಿಯಿಂದ ಕೂನೂರಿಗೆ ಹೋಗಿ ಬಂದು ‘ಟಾಯ್ ಟ್ರೇನ್ ನೋಡಿದೆವು’ ಅನ್ನುತ್ತಾರೆ. ಆ ತುಂಡಿನಲ್ಲಿ ಎಳೆಯುವುದು ಡೀಸೆಲ್ ಎಂಜಿನ್, ಹಲ್ಲಿನ ಪಟ್ಟಿಯೂ ಇಲ್ಲ. ಅಸಲು ಮಜಾ ಇರುವುದು ಕೂನೂರಿನಿಂದ ಕೆಳಗೆ. ಒಬ್ಬರು ಕಾರನ್ನು ರಸ್ತೆಯಲ್ಲಿ ಮೆಟ್ಟುಪಾಳ್ಯಕ್ಕೆ ತಂದು ಕಾಯುವ ಏರ್ಪಾಡು ಮಾಡಿಕೊಂಡರೆ ಇಳಿಯುವ ರೈಲು ಹಿಡಿಯಬಹುದು, ಅದರಲ್ಲಿ ಸಮಯವೂ ಕಡಿಮೆ. ಸ್ವಂತ ವಾಹನಕ್ಕೆ ನೀಲಗಿರಿಯ ಇ-ಪಾಸ್ ಬೇಕು. ಬಂಡೀಪುರದ ಕಾಡುದಾರಿ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ಮುಚ್ಚಿರುತ್ತದೆ. ಅಕ್ಟೋಬರಿನಿಂದ ಡಿಸೆಂಬರ್‌ವರೆಗೆ ಹಿಂಗಾರು ಮಳೆಗೆ ಕಲ್ಲಾರು–ಕೂನೂರು ನಡುವೆ ಬಂಡೆ, ಮಣ್ಣು ಬಿದ್ದು ರೈಲು ಆಗಾಗ ರದ್ದಾಗುತ್ತದೆ. ನಮ್ಮ ಘಾಟಿಗೆ ಒಳ್ಳೆಯದಾದ ಅಕ್ಟೋಬರ್ ಇಲ್ಲಿಗೆ ಒಳ್ಳೆಯದಲ್ಲ.

ಅರಕು ದಾರಿಗೆ ಪೂರ್ತಿ ಅಂಕ ಕೊಡಬಹುದು, ಆದರೆ ಹೋಗುವಾಗಿನ ಪ್ರಯಾಣಕ್ಕೆ ಮಾತ್ರ. ಬೈಲಾಡಿಲದ ಕಬ್ಬಿಣದ ಅದಿರನ್ನು ಬಂದರಿಗೆ ತರಲು 1960ರ ದಶಕದಲ್ಲಿ ಹಾಕಿದ ಹಳಿ ಇದು. ಅನಂತಗಿರಿ ಬೆಟ್ಟದ ಮೈಯನ್ನು ಸುತ್ತಿಕೊಂಡು ಸುಮಾರು ಸಾವಿರ ಮೀಟರ್ ಎತ್ತರದ ಶಿಮಿಲಿಗುಡದವರೆಗೆ ಏರುತ್ತದೆ. ವಿಶಾಖಪಟ್ಟಣದಿಂದ ಬೆಳಿಗ್ಗೆ ಏಳರೊಳಗೆ ಹೊರಡುವ ಕಿರಂದುಲ್ ರೈಲು ನಾಲ್ಕು ಗಂಟೆಯಲ್ಲಿ ಅರಕು ತಲುಪುತ್ತದೆ. ವಾಪಸ್ ರೈಲಿಗೆ ಕಾದರೆ ಚಳಿಗಾಲದಲ್ಲಿ ಘಾಟಿ ಬರುವಷ್ಟರಲ್ಲಿ ಕತ್ತಲು, ಮೇಲಾಗಿ ಅದಿರಿನ ಗೂಡ್ಸ್ ಗಾಡಿಗಳಿಗೆ ದಾರಿ ಬಿಟ್ಟು ತಡವಾಗುವುದು ಮಾಮೂಲು. ಬೋರ್ರಾ ಗುಹೆ ನೋಡುವ ಮನಸ್ಸಿದ್ದರೆ ಅರಕಿನವರೆಗೆ ರೈಲಿನಲ್ಲಿ ಹೋಗಿ, ಟ್ಯಾಕ್ಸಿ ಮಾಡಿಕೊಂಡು ಗುಹೆ, ಅನಂತಗಿರಿಯ ಕಾಫಿ ತೋಟಗಳ ಮೇಲೆ ರಸ್ತೆಯಲ್ಲಿ ಇಳಿಯಿರಿ. ನವೆಂಬರ್, ಡಿಸೆಂಬರಿನಲ್ಲಿ ಕಣಿವೆ ತುಂಬ ಹುಚ್ಚೆಳ್ಳು ಹೂ ಬಿಟ್ಟು ಹೊಲಗಳೆಲ್ಲ ಹಳದಿಯಾಗಿರುತ್ತವೆ. ಬೆಂಗಳೂರಿನಿಂದ ಪ್ರಶಾಂತಿ ಎಕ್ಸ್‌ಪ್ರೆಸ್ ನೇರ ವಿಶಾಖಪಟ್ಟಣಕ್ಕೆ ಹೋಗುತ್ತದೆ.

ಮುಂಬೈ–ಮಡಗಾಂವ್ ಜನಶತಾಬ್ದಿಯ ವಿಸ್ಟಾಡೋಮ್ ಬಗ್ಗೆ ಅಷ್ಟು ಉತ್ಸಾಹ ಬೇಡ. ಕೊಂಕಣ ರೈಲ್ವೆಯ ಸೇತುವೆಗಳೇನೋ ಭರ್ಜರಿ. ರತ್ನಾಗಿರಿ ಬಳಿಯ ಪಾನ್ವಲ್ ಸೇತುವೆ 64 ಮೀಟರ್ ಎತ್ತರ. ಆದರೆ ಕರಬುಡೆ ಸುರಂಗವೇ ಆರೂವರೆ ಕಿಲೋಮೀಟರ್, ಅದರ ಹಿಂದೆ ಮುಂದೆ ಬೇರೆ ಸುರಂಗಗಳು, ನಡುನಡುವೆ ಮಣ್ಣು ಕಡಿದ ಗೋಡೆಗಳು. ಒಂಬತ್ತು ಗಂಟೆಯ ಪ್ರಯಾಣದಲ್ಲಿ ನೋಡುವಂಥದ್ದು ತುಂಡುತುಂಡಾಗಿ ಬರುತ್ತದೆ. ಮಾರ್ಚ್–ಮೇನಲ್ಲಿ ನಡುನೆತ್ತಿಯ ಬಿಸಿಲು ಗಾಜಿನ ಚಾವಣಿಯಿಂದ ನೇರ ತಲೆಗೆ ಹೊಡೆಯುತ್ತದೆ, ಟೋಪಿ ಇಟ್ಟುಕೊಳ್ಳಿ. ಮಳೆಗಾಲದಲ್ಲಿ ಸುರಕ್ಷತೆಗೆಂದು ವೇಗ ಇಳಿಸಿ ಬೇರೆ ವೇಳಾಪಟ್ಟಿ ಮಾಡುತ್ತಾರೆ. ಮುಂದಿನ ರೈಲಿಗೆ ಸಂಪರ್ಕ ಇಟ್ಟುಕೊಂಡವರು ಅದನ್ನು ನೋಡಿಯೇ ಟಿಕೆಟ್ ತೆಗೆಯಬೇಕು.

ಕಾಶ್ಮೀರದ್ದು ಅತಿ ದೊಡ್ಡ ನಿರೀಕ್ಷೆ, ಅತಿ ಹೆಚ್ಚು ನಿರಾಸೆಯೂ ಅಲ್ಲೇ. 2025ರ ಜೂನಿನಲ್ಲಿ ಕಟ್ರಾ–ಶ್ರೀನಗರ ವಂದೇ ಭಾರತ್ ಶುರುವಾಯಿತು. ನದೀಪಾತ್ರದಿಂದ 359 ಮೀಟರ್ ಎತ್ತರದ ಚೆನಾಬ್ ಸೇತುವೆ ನೋಡಬಹುದೆಂದು ಜನ ಟಿಕೆಟ್ಟಿಗೆ ಮುಗಿಬೀಳುತ್ತಾರೆ. ಆದರೆ ಸೇತುವೆಯ ಮೇಲೆ ಕೂತವರಿಗೆ ಸೇತುವೆ ಕಾಣುವುದಾದರೂ ಹೇಗೆ? ಕಮಾನು ಇರುವುದು ನಿಮ್ಮ ಕಾಲ ಕೆಳಗೆ. 1,315 ಮೀಟರ್ ದಾಟುವುದಕ್ಕೆ ಒಂದೆರಡು ನಿಮಿಷ ಸಾಕು. ಮೇಲಾಗಿ ಕಟ್ರಾ–ಬನಿಹಾಲ್ ನಡುವಿನ 111 ಕಿಲೋಮೀಟರಿನಲ್ಲಿ 97 ಕಿಲೋಮೀಟರ್ ಸುರಂಗವೇ. ಸಮಯ ಉಳಿಸಲು ಈ ರೈಲು ಅದ್ಭುತ, ನೋಟಕ್ಕಲ್ಲ. ನೋಟ ಬೇಕಾದರೆ ಬನಿಹಾಲ್‌ನಿಂದ 11 ಕಿಲೋಮೀಟರಿನ ಪೀರ್ ಪಂಜಾಲ್ ಸುರಂಗ ದಾಟಿದ ಮೇಲಿನ ಭಾಗ ನೋಡಿ. ಕಾಜಿಗುಂಡದಿಂದ ಬಾರಾಮುಲ್ಲಾವರೆಗೆ ಹಳಿಯ ಪಕ್ಕ ಪಾಪ್ಲರ್ ಮರದ ಸಾಲು, ಏಪ್ರಿಲ್ ಹೊತ್ತಿಗೆ ಸಾಸಿವೆ ಹೊಲ, ಅಕ್ಟೋಬರ್ ಕೊನೆಗೆ ಪಾಂಪೋರಿನ ಕಡೆ ಕೇಸರಿ ಹೂ. 2023ರಲ್ಲಿ ಬಡಗಾಮ್–ಬನಿಹಾಲ್ ನಡುವೆ ವಿಸ್ಟಾಡೋಮ್ ಹಾಕಿದರು. ಸಿಕ್ಕರೆ ಒಳ್ಳೆಯದು, ಸಿಗದಿದ್ದರೆ ಸಾಮಾನ್ಯ ಲೋಕಲ್ ಗಾಡಿಯೂ ಅದೇ ಬಯಲನ್ನು ತೋರಿಸುತ್ತದೆ. ಬಯಲಿನಲ್ಲಿ ಎರಡೂ ಕಡೆ ನೋಟ ಇರುವುದರಿಂದ ಬದಿಯ ಚಿಂತೆಯೂ ಇಲ್ಲ.

ಕಾಲ್ಕಾ–ಶಿಮ್ಲಾ: 96 ಕಿಲೋಮೀಟರ್, ನೂರಕ್ಕೂ ಹೆಚ್ಚು ಸುರಂಗ, ಐದು ಗಂಟೆಯ ಮೇಲೆ. ಮಕ್ಕಳಿಗೆ ನಡುದಾರಿಯ ಬರೋಗ್ ನಿಲ್ದಾಣ ದಾಟುವಷ್ಟರಲ್ಲಿ ಸಾಕುಸಾಕಾಗುತ್ತದೆ. ಕೆಳಗಿನ ಅರ್ಧ ರೈಲು, ಮೇಲಿನ ಅರ್ಧ ರಸ್ತೆ ಮಾಡಿದರೆ ತಪ್ಪಿಲ್ಲ. ಜುಲೈ–ಆಗಸ್ಟ್ ಖಂಡಿತ ಬೇಡ. 2023ರ ಆಗಸ್ಟಿನಲ್ಲಿ ಸಮ್ಮರ್ ಹಿಲ್ ಬಳಿ ಹಳಿಯ ಕೆಳಗಿನ ನೆಲವೇ ಕೊಚ್ಚಿಹೋಗಿ ಹಳಿ ಗಾಳಿಯಲ್ಲಿ ನೇತಾಡುತ್ತಿತ್ತು. ಅಸ್ಸಾಮಿನ ಗುವಾಹಟಿ–ನ್ಯೂ ಹಾಫ್ಲಾಂಗ್ ವಿಸ್ಟಾಡೋಮ್‌ಗೂ ಇದೇ ಮಾತು. ನವೆಂಬರಿನಿಂದ ಫೆಬ್ರುವರಿಯವರೆಗೆ ಅದಕ್ಕೆ ಸಮ ಇಲ್ಲ, ಮಳೆಯಲ್ಲಿ ಬೇಡ.

ದೂಧ್‌ಸಾಗರದ ವಿಷಯ ಬೇರೆ. ಉತ್ತರ ಕನ್ನಡದ ಕ್ಯಾಸಲ್‌ರಾಕ್‌ನಿಂದ ಗೋವಾದ ಕುಳೆಂಗೆ ಇಳಿಯುವ ಘಾಟಿಯಲ್ಲಿ ರೈಲು ಜಲಪಾತದ ನಡುಮೈಯ ಸೇತುವೆ ಮೇಲೇ ಹಾದುಹೋಗುತ್ತದೆ, ನಿಧಾನಕ್ಕೆ. ಇಲ್ಲಿ ಗಾಜಿನ ಬೋಗಿಗಿಂತ ತೆರೆದ ಕಿಟಕಿ ಮೇಲು: ನೀರಿನ ತುಂತುರು ಮುಖಕ್ಕೆ ಬಡಿಯುತ್ತದೆ, ಸದ್ದು ಕೇಳುತ್ತದೆ. ಸ್ಲೀಪರ್ ಟಿಕೆಟ್ ಸಾಕು. ಅಲ್ಲಿ ಇಳಿಯುವುದು, ಹಳಿಯ ಮೇಲೆ ನಡೆಯುವುದು ನಿಷಿದ್ಧ, ಹಿಡಿದರೆ ದಂಡ. ಬುಡಕ್ಕೆ ಹೋಗಬೇಕೆಂದರೆ ಮಳೆ ಮುಗಿದ ಮೇಲೆ ಕುಳೆಂನಿಂದ ಜೀಪ್ ಸಿಗುತ್ತದೆ.

ಬುಕಿಂಗ್ ಬಗ್ಗೆ ಇಷ್ಟು. ಐಆರ್‌ಸಿಟಿಸಿಯಲ್ಲಿ ವಿಸ್ಟಾಡೋಮ್ ಬೇರೆ ಹೆಸರಿನಲ್ಲಿ ಕಾಣುತ್ತದೆ: ಎ.ಸಿ. ಬೋಗಿಗೆ ‘ಇವಿ’, ಎ.ಸಿ. ಇಲ್ಲದ್ದಕ್ಕೆ ‘ವಿಎಸ್’. ಚೇರ್ ಕಾರ್ ಪಟ್ಟಿಯಲ್ಲಿ ಹುಡುಕಿ ಇಲ್ಲವೆಂದು ಬಿಟ್ಟುಬಿಡಬೇಡಿ. ಮುಂಗಡ ಬುಕಿಂಗ್ ಈಗ 60 ದಿನ ಮೊದಲು, ಬೆಳಿಗ್ಗೆ 8ಕ್ಕೆ ತೆರೆಯುತ್ತದೆ. ಶನಿವಾರ, ಭಾನುವಾರ, ದಸರಾ ರಜೆಯ ಸೀಟುಗಳು ಬೇಗ ಖಾಲಿಯಾಗುತ್ತವೆ, ಮಂಗಳವಾರ, ಬುಧವಾರ ಸುಲಭ. ವೆಯ್ಟಿಂಗ್ ಲಿಸ್ಟ್ ನಾಲ್ಕೈದು ದಾಟಿದ್ದರೆ 44 ಸೀಟಿನ ಬೋಗಿಯಲ್ಲಿ ಖಾಯಂ ಆಗುವ ಆಸೆ ಇಟ್ಟುಕೊಳ್ಳಬೇಡಿ. ಅದೇ ರೈಲಿನ ಸೆಕೆಂಡ್ ಸಿಟ್ಟಿಂಗಿನಲ್ಲಿ ಕಿಟಕಿ ಸೀಟು ತೆಗೆದು, ಘಾಟಿ ಬರುವಷ್ಟರಲ್ಲಿ ಊಟ ಮುಗಿಸಿಕೊಂಡು, ಶಟರ್ ಪೂರ್ತಿ ಮೇಲೆತ್ತಿ ಕೊಂಡಿ ಹಾಕಿ. ಕೊಂಡಿ ಸಡಿಲವಿದ್ದರೆ ಶಟರ್ ಕೈ ಮೇಲೆ ಬೀಳುತ್ತದೆ, ಮೊದಲೇ ಅಲ್ಲಾಡಿಸಿ ನೋಡಿ.