ಬಳ್ಳಾರಿಯ ಪಾರ್ಕಿನ್ಸನ್ ಗುಂಪು ತರಬೇತಿ: ಮನೆಯವರೂ ಕೂತು ಕಲಿಯುವ ತರಗತಿ

ಪಾರ್ಕಿನ್ಸನ್ (ಮೈ ಬಿಗಿದು ನಡಿಗೆ ನಿಧಾನವಾಗುವ ಮಿದುಳಿನ ಕಾಯಿಲೆ) ಇರುವವರನ್ನೂ ಅವರನ್ನು ನೋಡಿಕೊಳ್ಳುವವರನ್ನೂ ಒಟ್ಟಿಗೆ ಕೂರಿಸಿಕೊಂಡು ಬಳ್ಳಾರಿಯಲ್ಲಿ ವಾರಕ್ಕೊಮ್ಮೆ ನಡೆಯುವ ಆಕ್ಯುಪೇಷನಲ್ ಥೆರಪಿ ತರಗತಿ ಇದು. ಉಡುವುದು, ಉಣ್ಣುವುದು, ಎದ್ದು ನಿಲ್ಲುವುದು, ಬಚ್ಚಲಿಗೆ ಹೋಗಿಬರುವುದು ಇಲ್ಲಿಯ ಪಾಠ. ಹಿರಿಯರನ್ನು ಬಿಟ್ಟುಹೋಗಿ ಆಮೇಲೆ ಬಂದು ಕರೆದೊಯ್ಯುತ್ತೇವೆ ಅನ್ನುವವರನ್ನು ಸೇರಿಸಿಕೊಳ್ಳುವುದಿಲ್ಲ. ತರಗತಿಯ ದೊಡ್ಡ ಗುಣವೇ ಅದು.

ಯಾಕೆಂದರೆ ಮನೆಯಲ್ಲಿ ಎಡವಟ್ಟಾಗುವುದು ಹೆಚ್ಚಾಗಿ ಅಕ್ಕರೆಯಿಂದಲೇ. ಹೊಸ್ತಿಲ ಬಳಿ ಕಾಲು ನೆಲಕ್ಕೆ ಅಂಟಿದಂತೆ ನಿಂತಾಗ ಮಗನೋ ಸೊಸೆಯೋ ಕೈ ಹಿಡಿದು ಎಳೆಯುತ್ತಾರೆ. ಮೈ ಮುಂದೆ ಹೋಗುತ್ತದೆ, ಪಾದ ಅಲ್ಲೇ ಉಳಿಯುತ್ತದೆ, ಬೀಳುತ್ತಾರೆ. ಇಲ್ಲಿ ಕಲಿಸುವ ಕ್ರಮ ಬೇರೆ. ಮೊದಲು ಪೂರ್ತಿ ನಿಲ್ಲಬೇಕು, ಮಾತೂ ನಿಲ್ಲಬೇಕು. ಮೈಭಾರವನ್ನು ಎಡಕ್ಕೆ ಬಲಕ್ಕೆ ಎರಡು ಮೂರು ಸಲ ತೂಗಿ, ಆಮೇಲೆ ಗೆರೆ ದಾಟುವಂತೆ ಒಂದೇ ದೊಡ್ಡ ಹೆಜ್ಜೆ ಇಡಬೇಕು. ಈ ಕಾಯಿಲೆಯಲ್ಲಿ ಡೋಪಮೈನ್ ಎಂಬ ಮಿದುಳಿನ ರಾಸಾಯನಿಕ ಕಡಿಮೆಯಾದಾಗ ತಾನಾಗಿ ನಡೆಸುವ ಮಿದುಳಿನ ವ್ಯವಸ್ಥೆ ಸೊರಗುತ್ತದೆ. ಕಣ್ಣಿಗೆ ಕಂಡ ಗುರುತು ನೋಡಿ ಹೆಜ್ಜೆ ಇಡುವುದು ಆಗಲೂ ಎಷ್ಟೋ ಜನರಿಗೆ ಸಾಧ್ಯ. ಅದಕ್ಕೇ ನೆಲದ ಮೇಲೆ ಅಡ್ಡಗೆರೆ. ಗೆರೆಗಳ ನಡುವೆ ಸುಮಾರು ಒಂದೂವರೆ ಅಡಿ, ಗಿಡ್ಡ ಇರುವವರಿಗೆ ಇನ್ನೂ ಕಡಿಮೆ. ಬೂದು ಶಹಾಬಾದ್ ಕಲ್ಲಿನ ನೆಲಕ್ಕೆ ಹಳದಿ ಬಣ್ಣ ಎದ್ದು ಕಾಣುತ್ತದೆ. ತರಗತಿಯಲ್ಲಿ ಟೇಪು ಅಂಟಿಸುತ್ತಾರೆ. ಮನೆಗೆ ಪೇಂಟೇ ಮೇಲು, ನೆಲ ಒರೆಸುತ್ತಾ ಟೇಪಿನ ಅಂಚು ಎದ್ದು ಕಾಲಿಗೆ ತೊಡರುತ್ತದೆ.

ಕುರ್ಚಿಯಿಂದ ಏಳುವುದನ್ನೂ ಚೆನ್ನಾಗಿ ಹೇಳಿಕೊಡುತ್ತಾರೆ: ಅಂಚಿಗೆ ಸರಿದು, ಪಾದಗಳನ್ನು ಹಿಂದಕ್ಕೆಳೆದು, ಮೂಗು ಕಾಲ್ಬೆರಳ ನೇರಕ್ಕೆ ಬರುವಷ್ಟು ಬಾಗಿ, ಮೂರು ಎಣಿಸಿ ಏಳುವುದು. ಆದರೆ ಹಗುರ ಪ್ಲಾಸ್ಟಿಕ್ ಕುರ್ಚಿ ಇಟ್ಟು ಇದನ್ನು ಮಾಡಿಸುವುದು ಸರಿಯಲ್ಲ, ಹಿಂದಕ್ಕೆ ಜಾರುತ್ತದೆ. ಗೋಡೆಗೆ ಒತ್ತಿಯಾದರೂ ಇಡಲಿ.

ಊಟದ ಪಾಠ ನಮ್ಮ ಸೀಮೆಗೆ ಒಗ್ಗುವಂತಿದೆ. ಅಂಚಿರುವ ಗಂಗಾಳ, ಅದರಡಿ ಜಾರದಂತೆ ಒದ್ದೆ ಬಟ್ಟೆ, ಲೋಟದಲ್ಲಿ ಅರ್ಧವೇ ಚಹಾ. ನುಂಗಲು ತ್ರಾಸಾಗುವವರಿಗೆ ಖಡಕ್ ರೊಟ್ಟಿ ಬೇಡ, ಒಣ ಚೂರು ಗಂಟಲಿಗೆ ಸಿಕ್ಕಿ ನೆತ್ತಿಗೇರುತ್ತದೆ. ಮೆತ್ತನೆಯ ರೊಟ್ಟಿಯನ್ನು ಸಾರಿನಲ್ಲಿ ನೆನೆಸಿ ಕೊಡಿ. ಇನ್ನೊಂದು ಮಾತು ನಮಗೆ ಬಹಳ ಹಿಡಿಸಿತು: ರೊಟ್ಟಿ ತಟ್ಟುವ ಅಮ್ಮಂದಿರಿಂದ ಆ ಕೆಲಸ ಕಸಿದುಕೊಳ್ಳಬೇಡಿ. ಅಂಗೈ ಪೂರ್ತಿ ಬಿಚ್ಚಿ ಲಯಕ್ಕೆ ತಟ್ಟುವುದು ಬಿಗಿದ ಕೈಗೆ ಒಳ್ಳೆಯ ಅಭ್ಯಾಸ. ಬಿಸಿ ಹಂಚಿನ ಕೆಲಸ ಮಾತ್ರ ಬೇರೆಯವರು ನೋಡಿಕೊಳ್ಳಲಿ. ಗುಂಡಿ ಹಾಕುವ ಪಾಠ ಅವಸರದಲ್ಲಿ ಮುಗಿಯುತ್ತದೆ. ಒಳಗೆ ವೆಲ್ಕ್ರೋ, ಮೇಲೆ ಗುಂಡಿ ಹೊಲಿಸಿದ ಅಂಗಿಯನ್ನು ತೋರಿಸಿದ್ದರೆ ಸಾಕಿತ್ತು.

ದೊಡ್ಡ ಕೊರತೆ ಎರಡು. ಒಂದು, ಸಮಯ. ತರಗತಿ ನಡೆಯುವ ಮಧ್ಯಾಹ್ನದ ಹೊತ್ತಿಗೆ ಹಲವರಿಗೆ ಬೆಳಗ್ಗೆ ನುಂಗಿದ ಲೆವೊಡೋಪಾ (ಮಿದುಳಿನಲ್ಲಿ ಡೋಪಮೈನ್ ಆಗುವ ಮಾತ್ರೆ) ಪ್ರಭಾವ ಇಳಿದಿರುತ್ತದೆ. ಮಾತ್ರೆ ಕೆಲಸ ಮಾಡುತ್ತಿರುವಾಗಲೇ ಕಲಿಕೆ ಸಾಗುವುದು. ಮೇಲಾಗಿ ನಮ್ಮ ಬೇಸಿಗೆ 40 ಡಿಗ್ರಿ ದಾಟುತ್ತದೆ. ನೀರು ಕಡಿಮೆಯಾದರೆ ಎದ್ದು ನಿಂತಾಗ ಬಿಪಿ ಕುಸಿದು ತಲೆ ತಿರುಗುತ್ತದೆ. ಬೆಳಗ್ಗೆ ಒಂಬತ್ತಕ್ಕೇ ಶುರುಮಾಡಬೇಕು. ಎರಡು, ಯಾರೂ ಮನೆಗೆ ಬಂದು ನೋಡುವುದಿಲ್ಲ. 2014ರಲ್ಲಿ ಪ್ರಕಟವಾದ ನೆದರ್ಲೆಂಡ್ಸ್ ಅಧ್ಯಯನದಲ್ಲಿ ಹತ್ತು ವಾರ ಮನೆಯಲ್ಲೇ ಥೆರಪಿ ಕೊಟ್ಟಾಗ ದಿನದ ಕೆಲಸಗಳು ಸುಧಾರಿಸಿದ್ದನ್ನು ರೋಗಿಗಳೇ ಹೇಳಿದ್ದರು. ನಮ್ಮ ಬಚ್ಚಲ ಮೆಟ್ಟಿಲು, ತುಂಬಿದ ಚರಗಿಯ ಭಾರ, ಕಿರಿದಾದ ಬಾಗಿಲು ಸಭಾಂಗಣದಲ್ಲಿ ಕಾಣುವುದಿಲ್ಲ. ತಿಂಗಳಿಗೊಂದು ಮನೆ ಭೇಟಿ ಸೇರಿಸಿದರೆ ಹೆಚ್ಚು ಹಣ ಕೊಡಲೂ ಜನ ಸಿದ್ಧರಿದ್ದಾರೆ.

ಅಲ್ಲಿಯವರೆಗೆ, ಹೋಗುವವರು ಬಚ್ಚಲು, ಹಾಸಿಗೆ, ಹೊಸ್ತಿಲುಗಳ ಫೋಟೋ ತೆಗೆದುಕೊಂಡು ಹೋಗಿ. ಮಾತ್ರೆ ತೆಗೆದುಕೊಳ್ಳುವ ಹೊತ್ತುಗಳನ್ನು ಚೀಟಿಯಲ್ಲಿ ಬರೆದಿಡಿ, ಹಿಮ್ಮಡಿಗೆ ಪಟ್ಟಿ ಇರುವ ಚಪ್ಪಲಿ ಹಾಕಿಸಿ. ಲೆವೊಡೋಪಾ ಮಾತ್ರೆಯನ್ನು ಊಟಕ್ಕೆ ಅರ್ಧ ಗಂಟೆ ಮೊದಲು ಕೊಡಬಹುದೇ ಎಂದು ನಿಮ್ಮ ಡಾಕ್ಟರನ್ನು ಮೊದಲೇ ಕೇಳಿ. ಬೇಳೆ, ಮೊಸರು, ಮೊಟ್ಟೆಯಲ್ಲಿನ ಪ್ರೋಟೀನ್ ಆ ಮಾತ್ರೆ ರಕ್ತಕ್ಕೆ ಸೇರುವುದಕ್ಕೆ ಅಡ್ಡಿಯಾಗಬಹುದು.