ಡ್ರಿಪ್ ಡಿಸ್ಕ್ ಫಿಲ್ಟರ್ (2 ಇಂಚು): ಬೇಸಿಗೆಗೆ ಸೂಪರ್, ಕೆಂಪು ನೀರಿಗೆ ಡೌಟು

ಐದಕ್ಕೆ ಮೂರು ಸ್ಟಾರ್. ನಮ್ದು ಕೆ.ಆರ್.ನಗರದ ಕಡೆ, ಚುಂಚನಕಟ್ಟೆ ಹತ್ರ ಬಾಳೆ ತೋಟ, ಮೋಟ್ರು ಇಟ್ಟಿರೋದು ಸೀದಾ ಕಾವೇರಿ ಹೊಳೆಗೇ. ಫಿಲ್ಟರ್ ಬಾಡಿ ಗಟ್ಟಿ ಇದೆ, ಕ್ಲಾಂಪು ಕೈಯಲ್ಲೇ ಬಿಚ್ಚಬೋದು ಸ್ಪ್ಯಾನರ್ ಹುಡುಕೋ ತಾಪತ್ರಯ ಇಲ್ಲ, ಬೇಸಿಗೇಲಿ ಪಾಚಿ, ಕಸ, ಮರಳು ಎಲ್ಲ ಚೆನ್ನಾಗೇ ಹಿಡಿಯುತ್ತೆ.

ಕೊಡಗಲ್ಲಿ ಮಳೆ ಹಿಡಿದು ಹೊಳೇಲಿ ಕೆಂಪು ಮಣ್ಣುನೀರು ಬಂತು ಅಂದ್ರೆ ಮಾತ್ರ ಕಥೆ ಬೇರೆ. ಡಿಸ್ಕು 120 ಮೆಶ್, ಅಂದ್ರೆ ನೀರು ದಾಟೋ ಸಂದಿ ಸುಮಾರು 130 ಮೈಕ್ರಾನ್, ಜೇಡಿಮಣ್ಣಿನ ಕಣ 2 ಮೈಕ್ರಾನ್‌ಗಿಂತ ಸಣ್ಣದು. ಸೊಳ್ಳೆಪರದೇಲಿ ರಾಗಿ ಹಿಟ್ಟು ಜರಡಿ ಹಿಡಿದಂಗೆ. ಆರಾಮಾಗಿ ದಾಟ್ಕೊಂಡು ಹೋಗಿ ಪೈಪಲ್ಲಿ ಕೂತು ಡ್ರಿಪ್ಪರ್ ಕಟ್ಟಾಕುತ್ತೆ. ಅಂಗಡಿಯವ್ರು 'ಹೊಳೆ ನೀರಿಗೆ ಇದೊಂದೇ ಸಾಕಣ್ಣ' ಅಂದಿದ್ರು, ಒಂದು ಸ್ಟಾರ್ ಅದಕ್ಕೇ ಕಟ್.

ಇನ್ನೊಂದು ಸ್ಟಾರ್ ಕಟ್ ಮಾಡಿದ್ದು ಫಿಲ್ಟರ್ ತಪ್ಪಿಗಲ್ಲ ಬಿಡಿ, ಹೊಳೆ ಬರೋ ದಾರೀದು. ಹೊಸ ನೀರು ಕೆಂಪಗಿರೋದು ಹಿಂದಿನಿಂದ್ಲೂ ಇದ್ದದ್ದೇ, ಆದ್ರೆ ಕಾಡಿರೋ ಕಡೆ ಮಳೆ ಹನಿ ಏಟು ಮೊದ್ಲು ಎಲೆ ಮೇಲೆ, ಆಮೇಲೆ ತರಗಿನ ಮೇಲೆ ಬೀಳುತ್ತೆ, ನೀರು ನಿಧಾನಕ್ಕೆ ಇಂಗಿ ಬೇಸಿಗೇಲಿ ಒರತೆಯಾಗಿ ಬರುತ್ತೆ. ಅದೇ ಇಳಿಜಾರು ಬೋಳು ಮಾಡಿ ಶುಂಠಿಗೆ ಮೇಲಿಂದ ಕೆಳಗೆ ಏರುಮಡಿ ಎಳೆದ್ರೆ ಕಾಲುವೆ ತೋಡಿಕೊಟ್ಟಂಗೇ ಆಯ್ತು, ಅದೂ ಏಪ್ರಿಲ್-ಮೇನಲ್ಲಿ ಅಗೆದ ಮಣ್ಣು ಜೂನ್-ಜುಲೈಗೆ ಇನ್ನೂ ಸಡಿಲ ಇರುತ್ತೆ. ಮಳೆಗಾಲದಲ್ಲಿ ಮಣ್ಣು ಬರುತ್ತೆ, ಫೆಬ್ರವರೀಲಿ ನೀರೇ ಬರಲ್ಲ. ರಸ್ತೆಗೆ, ಮನೆಗೆ ಅಂತ ಗುಡ್ಡ ನೆಟ್ಟಗೆ ಕಡಿಯೋದು ಬೇರೆ. 2018ರ ಆಗಸ್ಟಲ್ಲಿ ಜೋಡುಪಾಲ, ಮಕ್ಕಂದೂರು ಕಡೆ ಗುಡ್ಡ ಕುಸಿದಿದ್ದು, 2020ರಲ್ಲಿ ತಲಕಾವೇರಿ ಹತ್ರಾನೇ ಕುಸಿದಿದ್ದು ಎಲ್ರಿಗೂ ಗೊತ್ತು. ಎಲ್ಲ ಬೆಳೆಗಾರರೂ ಹಂಗಲ್ಲ, ಕಾಫಿ ತೋಟದಲ್ಲಿ ಇಳಿಜಾರಿಗೆ ಅಡ್ಡಕ್ಕೆ ತೊಟ್ಟಿಲು ಗುಂಡಿ ತೆಗೆಸಿ ಮಣ್ಣು ನಿಲ್ಲಿಸ್ಕೊಳೋರೂ ಇದಾರೆ. ನಮ್ಮ ಪಿರಿಯಾಪಟ್ಣ, ಹುಣಸೂರು ಕಡೇನೂ ಶುಂಠಿ ಜೋರಾಗೇ ಇದೆ, ಬರೀ ಕೊಡಗಿನವ್ರನ್ನ ಬಯ್ಯೋದ್ರಲ್ಲಿ ಅರ್ಥ ಇಲ್ಲ.

ಮಂಡ್ಯದ ನಾಲೆ ನೀರಿನವ್ರಿಗೆ ಈ ಕಾಟ ಕಮ್ಮಿ, ಯಾಕಂದ್ರೆ ಹೂಳು ಜಾಸ್ತಿ ಕನ್ನಂಬಾಡಿ ಕಟ್ಟೇಲೇ ಕೂರುತ್ತೆ. ಕಟ್ಟೆ ಜಾಗ ಅಷ್ಟಷ್ಟೇ ಕಮ್ಮಿ ಆಗುತ್ತೆ, ಅದು ಅವ್ರ ತಲೆನೋವು.

ತಗೊಳೋರು ತಗೊಳಿ, ಆದ್ರೆ ಮೊದ್ಲು ಒಂದು ತೊಟ್ಟಿ ಕಟ್ಟಿ ನೀರು ತಿಳಿಯಾಗಕ್ಕೆ ಬಿಟ್ಟು ಮೇಲಿನ ನೀರು ಎತ್ಕೊಳಿ, ಪೈಪ್ ತುದಿ ಕ್ಯಾಪ್ ಬಿಚ್ಚಿ ಆಗಾಗ ಫ್ಲಶ್ ಮಾಡಿ. ನೀರನ್ನ ಗಿರಗಿರ ತಿರುಗಿಸಿ ಮರಳು ಬೇರೆ ಮಾಡೋ ಹೈಡ್ರೋಸೈಕ್ಲೋನ್ ಹಾಕಿ ಅಂತಾರೆ, ಅದು ಮರಳಿಗೆ ಸರಿ, ಜೇಡಿಗೆ ದಂಡ. ರಬ್ಬರ್ ರಿಂಗ್ ಒಂದು ಎಕ್ಸ್‌ಟ್ರಾ ಈಗ್ಲೇ ಇಸ್ಕೊಳಿ, ಆಮೇಲೆ ಕೇಳಿದ್ರೆ ಸ್ಟಾಕ್ ಇಲ್ಲ ಅಂತಾರೆ.